ಗ್ಲಿಯೋಬ್ಲಾಸ್ಟೋಮಾ ರೋಗಿಯ ರಕ್ತದ ರಿಪೋರ್ಟ್ ಓದುವುದು ಹೇಗೆ?

ಹೋದ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳ ಕಡೆಯ ಹುಡುಗನೊಬ್ಬ ನಮ್ಮ ಲ್ಯಾಬಿಗೆ ಬಂದಿದ್ದ. ಕೈಯಲ್ಲಿ ಅಪ್ಪನ ಸಿಬಿಸಿ ರಿಪೋರ್ಟ್, ಅಂದರೆ ರಕ್ತಕಣಗಳ ಎಣಿಕೆ. ಅಪ್ಪನ ತಲೆಯ ಗಂಟಿನ (ಗ್ಲಿಯೋಬ್ಲಾಸ್ಟೋಮಾ ಅನ್ನುವ ಮೆದುಳಿನ ಕ್ಯಾನ್ಸರ್) ಆಪರೇಷನ್ ಬೆಳಗಾವಿಯಲ್ಲಿ ಆಗಿ ಹತ್ತು ದಿನವಾಗಿತ್ತು. "ಅಣ್ಣಾರ, ಅಪ್ಪಗ ಇನ್ನೂ ಎಷ್ಟ ದಿನಾ ಅಂತ ಇದರಾಗ ಗೊತ್ತಾಗ್ತೈತೇನ್ರಿ?" ಅಂದ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ ಇದ್ದರೆ ಆಯುಷ್ಯ ಕಡಿಮೆ ಎಂದು ಮೊಬೈಲಿನಲ್ಲಿ ಎಲ್ಲೋ ಓದಿದ್ದನಂತೆ. ಅಪ್ಪನ ರಿಪೋರ್ಟಿನಲ್ಲಿ ಅದು ಶೇಕಡಾ 84 ಇತ್ತು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ನಾನು ಬಾಗಲಕೋಟೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಚಿಕಿತ್ಸೆ ಬದಲಿಸುವ ಮಾತು ಇಲ್ಲಿ ಒಂದೂ ಇಲ್ಲ. ಆದರೆ ದಿನಾ ಈ ರಿಪೋರ್ಟ್‌ಗಳನ್ನು ತೆಗೆಯುವವನಾಗಿ, ಮನೆಯವರು ಎಲ್ಲಿ ಸುಮ್ನೆ ಹೆದರುತ್ತಾರೆ, ಎಲ್ಲಿ ಹೆದರಬೇಕಾದ ಕಡೆ ಹೆದರುವುದಿಲ್ಲ ಎಂದು ನೋಡಿದ್ದೇನೆ. ಅವತ್ತು ಆ ಹುಡುಗನಿಗೆ ನಿಂತು ಹೇಳಲು ಪುರುಸೊತ್ತು ಇರಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಗಡ್ಡೆಯ ಪೂರ್ತಿ ಹೆಸರು ಕೇಳಿ

ವಿಚಿತ್ರ ಅನ್ನಿಸಬಹುದು, ಆದರೆ ರಕ್ತದ ರಿಪೋರ್ಟ್ ಓದುವ ಕೆಲಸ ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ರಿಪೋರ್ಟಿನಿಂದ ಶುರುವಾಗುತ್ತದೆ. "ಬ್ರೇನ್ ಟ್ಯೂಮರ್" ಅನ್ನುವುದು ಹೆಸರಲ್ಲ. ಅದರಲ್ಲಿ ವರ್ಷಗಟ್ಟಲೆ ಸುಮ್ಮನಿರುವ ಗಡ್ಡೆಗಳೂ ಇವೆ, ತಿಂಗಳೊಳಗೆ ಬೆಳೆಯುವವೂ ಇವೆ. ದೊಡ್ಡವರ ಮೆದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ತುಂಬಾ ಕೆಟ್ಟದ್ದು ಗ್ಲಿಯೋಬ್ಲಾಸ್ಟೋಮಾ. ಅದು ಗ್ರೇಡ್ 4, ಅಂದರೆ ಕೊನೆಯ, ಅತಿ ಕೆಟ್ಟ ದರ್ಜೆ.

ಆ ರಿಪೋರ್ಟಿನಲ್ಲಿ ಎರಡು ಪದ ಹುಡುಕಿ. ಒಂದು ಐಡಿಎಚ್, ಇನ್ನೊಂದು ಎಂಜಿಎಂಟಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಡ್ಡೆಗಳ ವಿಂಗಡಣೆಯನ್ನು ಬದಲಿಸಿತು. ಐಡಿಎಚ್ ಜೀನ್‌ನಲ್ಲಿ ಬದಲಾವಣೆ ಇದ್ದರೆ ಅದನ್ನು ಈಗ ಗ್ಲಿಯೋಬ್ಲಾಸ್ಟೋಮಾ ಅನ್ನುವುದಿಲ್ಲ, ಆಸ್ಟ್ರೋಸೈಟೋಮಾ ಅನ್ನುತ್ತಾರೆ. ಗ್ರೇಡ್ 4 ಇದ್ದರೂ ಆ ರೋಗಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ.

ಎಂಜಿಎಂಟಿ ಇನ್ನೂ ನೇರ. ಅದು ಕಿಮೋ ಮಾತ್ರೆ ಮಾಡಿದ ಗಾಯವನ್ನು ರಿಪೇರಿ ಮಾಡುವ ಪ್ರೋಟೀನು. ಕ್ಯಾನ್ಸರ್ ಕಣದೊಳಗೆ ಕೂತ ಗೌಂಡಿ ಅನ್ನಿ. "ಮಿಥೈಲೇಟೆಡ್" ಎಂದು ಬಂದಿದ್ದರೆ ಆ ಗೌಂಡಿ ರಜೆ ಹಾಕಿದ್ದಾನೆ ಎಂದರ್ಥ. ಆಗ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕರೆಂಟ್ (ರೇಡಿಯೇಷನ್) ಮತ್ತು ಟೆಮೊಜೊಲೊಮೈಡ್ ಎಂಬ ಕಿಮೋ ಮಾತ್ರೆ ಎರಡೂ ಪಡೆದವರ ಪೈಕಿ, ಮಿಥೈಲೇಟೆಡ್ ಇದ್ದವರ ನಡುಮಟ್ಟದ ಬದುಕು (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 21.7 ತಿಂಗಳು. ಇಲ್ಲದವರದ್ದು 12.7 ತಿಂಗಳು. ಮುಂದೆ ನಾವು ನೋಡುವ ರಕ್ತದ ಯಾವ ಅಂಕಿಗೂ ವೈದ್ಯರು ಇಷ್ಟು ತೂಕ ಕೊಡುವುದಿಲ್ಲ.

ರಿಪೋರ್ಟಿನಲ್ಲಿ ಈ ಎರಡೂ ಇಲ್ಲದಿದ್ದರೆ ಕೇಳಿ. ಆಪರೇಷನ್‌ನಲ್ಲಿ ತೆಗೆದ ತುಣುಕನ್ನು ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಅರ್ಜಿ ಕೊಟ್ಟು ಆ ಬ್ಲಾಕನ್ನು ದೊಡ್ಡ ಲ್ಯಾಬಿಗೆ ಕಳಿಸಬಹುದು. ಮತ್ತೆ ತಲೆ ತೆರೆಯಬೇಕಿಲ್ಲ. ರಕ್ತದ ಹೊಸ ಪರೀಕ್ಷೆಗೆ ದುಡ್ಡು ಹೊಂದಿಸುವ ಮೊದಲು ಈ ಬ್ಲಾಕಿನ ಪರೀಕ್ಷೆ ಆಗಿದೆಯೇ ನೋಡಿ.

ಹೆಜ್ಜೆ 2: ಒಂದು ನೋಟ್‌ಬುಕ್ ಮಾಡಿ, ಅದರಲ್ಲಿ ಡೆಕ್ಸಾ ಬರೆಯಿರಿ

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಪ್ರತಿ ರಕ್ತ ಪರೀಕ್ಷೆಗೆ ಒಂದು ಸಾಲು. ತಾರೀಖು, ಟೋಟಲ್ ಕೌಂಟ್ (ಒಟ್ಟು ಬಿಳಿ ರಕ್ತಕಣ), ನ್ಯೂಟ್ರೋಫಿಲ್, ಲಿಂಫೋಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ), ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಶುಗರ್. ಇವನ್ನು ಎಲ್ಲರೂ ಬರೆಯುತ್ತಾರೆ. ಯಾರೂ ಬರೆಯದ ಎರಡು ಕಾಲಂ ಸೇರಿಸಿ: ಆ ದಿನ ಡೆಕ್ಸಾಮೆಥಾಸೋನ್ ಎಷ್ಟು ಮಿಲಿಗ್ರಾಂ ನಡೆದಿತ್ತು, ಜ್ವರ ಕೆಮ್ಮು ಏನಾದರೂ ಇತ್ತೇ.

ಡೆಕ್ಸಾ ಅನ್ನುವುದು ಮೆದುಳಿನ ಬಾವು ಇಳಿಸಲು ಕೊಡುವ ಸ್ಟೀರಾಯ್ಡ್. ತಲೆನೋವು, ವಾಂತಿ ಇಳಿದು ರೋಗಿ ಎದ್ದು ಕೂರುವುದು ಬಹಳ ಸಲ ಇದರಿಂದಲೇ. ಆದರೆ ಇದು ರಕ್ತದ ಅರ್ಧಕ್ಕರ್ಧ ಅಂಕಿಗಳನ್ನು ಅಲುಗಾಡಿಸುತ್ತದೆ. ಡೋಸ್ ಗೊತ್ತಿಲ್ಲದೆ ಈ ರೋಗಿಯ ಸಿಬಿಸಿ ಓದುವುದು, ಎತ್ತರ ಗೊತ್ತಿಲ್ಲದೆ ತೂಕ ಮಾತ್ರ ಕೇಳಿ ಆಳು ಹೇಗಿದ್ದಾನೆ ಅಂದಂತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಓದಿ "ಹಂಗಾದ್ರ ಸ್ಟೀರಾಯ್ಡ್ ನಿಲ್ಲಿಸೋಣ" ಅನ್ನಬೇಡಿ. ಡೆಕ್ಸಾ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಇಳಿಸುವುದಿದ್ದರೆ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ.

ಹೆಜ್ಜೆ 3: ಒಂದು ಭಾಗಾಕಾರ

ಈಗ ಮುಧೋಳದ ಹುಡುಗನ ನಿದ್ದೆ ಕೆಡಿಸಿದ ಲೆಕ್ಕಕ್ಕೆ ಬರೋಣ. ಅದರ ಹೆಸರು ಎನ್‌ಎಲ್‌ಆರ್. ನ್ಯೂಟ್ರೋಫಿಲ್ ಅಂಕಿಯನ್ನು ಲಿಂಫೋಸೈಟ್ ಅಂಕಿಯಿಂದ ಭಾಗಿಸುವುದು, ಅಷ್ಟೇ. ಹೊಸ ಪರೀಕ್ಷೆ ಬೇಡ. ತಾಲೂಕು ಲ್ಯಾಬಿನ ಸಿಬಿಸಿಯಲ್ಲೇ ಎರಡೂ ಇರುತ್ತವೆ. ಅವನ ಅಪ್ಪನ ನ್ಯೂಟ್ರೋಫಿಲ್ 84, ಲಿಂಫೋಸೈಟ್ 10. ಭಾಗಿಸಿದರೆ 8.4.

ಗ್ಲಿಯೋಬ್ಲಾಸ್ಟೋಮಾ ಬಗ್ಗೆ ಹಲವು ದೇಶಗಳ ಅಧ್ಯಯನಗಳಲ್ಲಿ ಈ ಅಂಕಿ ಜಾಸ್ತಿ ಇದ್ದ ಗುಂಪು ಕಡಿಮೆ ಕಾಲ ಬದುಕಿದ್ದು ಕಂಡಿದೆ. ಕೆಲವರು 4ನ್ನು ಗೆರೆಯಾಗಿ ಇಟ್ಟುಕೊಂಡರು, ಬೇರೆಯವರು ಬೇರೆ ಗೆರೆ ಹಾಕಿದರು. ಎಲ್ಲರೂ ಒಪ್ಪಿದ ಒಂದೇ ಗೆರೆ ಇಲ್ಲ. ಇದನ್ನು ಗಮನಿಸಿ.

ಕಾರಣ ಏನು? ಗಡ್ಡೆ ಬೆಳೆಯುವಾಗ ಮೈಯಲ್ಲಿ ಉರಿಯೂತ ಹೆಚ್ಚುತ್ತದೆ, ನ್ಯೂಟ್ರೋಫಿಲ್ ಏರುತ್ತವೆ. ಕ್ಯಾನ್ಸರ್ ವಿರುದ್ಧ ಹೋರಾಡಬೇಕಾದ ಲಿಂಫೋಸೈಟ್ ಇಳಿಯುತ್ತವೆ. ಅವು ಎಲ್ಲಿ ಹೋದವು ಅನ್ನುವುದಕ್ಕೆ 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸೊಗಸಾದ ಉತ್ತರ ಕಂಡುಕೊಂಡರು. ಟಿ ಕಣಗಳು (ಲಿಂಫೋಸೈಟ್‌ಗಳಲ್ಲೇ ಒಂದು ಬಗೆ) ಸತ್ತಿರಲಿಲ್ಲ, ಮೂಳೆಯ ಮಜ್ಜೆಯೊಳಗೆ ಸಿಕ್ಕಿಕೊಂಡಿದ್ದವು. ಇನ್ನೂ ಯಾವ ಚಿಕಿತ್ಸೆಯೂ ಶುರುವಾಗದ ರೋಗಿಗಳಲ್ಲೇ ಹೀಗಿತ್ತು. ಅಂದರೆ ಮೆದುಳಿನಲ್ಲಿ ಕೂತ ಗಡ್ಡೆ ಇಡೀ ಮೈಯ ಪಹರೆಯನ್ನೇ ಕಟ್ಟಿಹಾಕುತ್ತದೆ. ಹಾಗಾಗಿ ಎನ್‌ಎಲ್‌ಆರ್‌ನ ಹಿಂದೆ ನಿಜವಾದ ಸಂಗತಿ ಇದೆ, ಅದು ಬರೀ ಅಂಕಿಯ ಆಟ ಅಲ್ಲ.

ಆದರೆ ಡೆಕ್ಸಾ ಮಾಡುವುದೂ ಇದನ್ನೇ. ಅದೂ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಆಪರೇಷನ್‌ನ ಪೆಟ್ಟು, ಮೂತ್ರದ ಸೋಂಕು, ಎದೆಯ ಕಫ ಇವೂ ನ್ಯೂಟ್ರೋಫಿಲ್ ಏರಿಸುತ್ತವೆ. ಆ ಹುಡುಗನ ಅಪ್ಪ ದಿನಕ್ಕೆ 12 ಮಿಲಿಗ್ರಾಂ ಡೆಕ್ಸಾ ತಗೊಳ್ಳುತ್ತಿದ್ದರು. ಮೂರು ವಾರದ ನಂತರ ಡಾಕ್ಟರು ಡೋಸ್ ಇಳಿಸಿದ ಮೇಲೆ ಮತ್ತೆ ಸಿಬಿಸಿ ಮಾಡಿದೆವು. ನ್ಯೂಟ್ರೋಫಿಲ್ 68, ಲಿಂಫೋಸೈಟ್ 24. ಅಂದರೆ 2.8. ಮೂರು ವಾರದಲ್ಲಿ ಅವರ ಆಯುಷ್ಯ ಮೂರು ಪಟ್ಟಾಯಿತೇ? ಇಲ್ಲವಲ್ಲ. ಮೊದಲಿನ 8.4ರಲ್ಲಿ ಎಷ್ಟು ಪಾಲು ಗಡ್ಡೆಯದು, ಎಷ್ಟು ಪಾಲು ಮಾತ್ರೆಯದು ಎಂದು ಬಿಡಿಸಿ ಹೇಳಲು ನಮ್ಮ ಮಷೀನಿಗೆ ಬರುವುದಿಲ್ಲ.

ಹಾಗಾಗಿ ನಿಮಗೆ ಈ ಅಂಕಿ ಬೇಕೇ ಬೇಕು ಅನ್ನಿಸಿದರೆ, ಸ್ಟೀರಾಯ್ಡ್ ಶುರುವಾಗುವ ಮೊದಲಿನ ಸಿಬಿಸಿ ಹುಡುಕಿ. ಮೊದಲ ಸಲ ಫಿಟ್ಸ್ ಬಂದು ಊರಿನ ಆಸ್ಪತ್ರೆಗೆ ಓಡಿದ ದಿನದ ಚೀಟಿ ಮನೆಯ ಕಪಾಟಿನಲ್ಲಿ ಎಲ್ಲೋ ಇರುತ್ತದೆ. ಅದರ ಬೆಲೆ ಜಾಸ್ತಿ. ಆದರೆ ಫಿಟ್ಸ್ ಬಂದ ಕೂಡಲೇ ತೆಗೆದ ರಕ್ತದಲ್ಲೂ ಬಿಳಿ ಕಣ ಏರಿರಬಹುದು, ಅದನ್ನೂ ನೆನಪಿಡಿ.

ಹೆಜ್ಜೆ 4: ಶುಗರ್ ಮತ್ತು ಅಲ್ಬುಮಿನ್

ಚಿಕಿತ್ಸೆಯ ಕಾಲದಲ್ಲಿ ಶುಗರ್ ಸತತ ಜಾಸ್ತಿ ಇದ್ದವರು ಕಡಿಮೆ ಕಾಲ ಬದುಕಿದ್ದು ಅಧ್ಯಯನಗಳಲ್ಲಿ ಕಂಡಿದೆ. ಇದು ನಾವು ಕೈಹಾಕಬಹುದಾದ ಅಂಕಿ, ಅದಕ್ಕೇ ನನಗೆ ಮುಖ್ಯ ಅನ್ನಿಸುತ್ತದೆ. ಶುಗರ್ ಇಳಿಸಿದರೆ ಆಯುಷ್ಯ ಬೆಳೆಯುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಆದರೂ ಸೋಂಕು, ಸುಸ್ತು, ಗಾಯ ಒಣಗದಿರುವುದು ಇವೆಲ್ಲ ತಗ್ಗುತ್ತವೆ.

ಇಲ್ಲಿ ಒಂದು ಗುಟ್ಟು. ಡೆಕ್ಸಾವನ್ನು ಬೆಳಿಗ್ಗೆ ಒಂದೇ ಹೊತ್ತು ಕೊಡುತ್ತಿದ್ದರೆ ಅದು ಶುಗರ್ ಏರಿಸುವುದು ಮಧ್ಯಾಹ್ನ, ಸಂಜೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ 105 ಇರುತ್ತದೆ, ಮನೆಯವರು ನಿಶ್ಚಿಂತೆಯಿಂದ ಇರುತ್ತಾರೆ. ಮಧ್ಯಾಹ್ನ ಊಟ ಆದ ಎರಡು ತಾಸಿಗೆ ನೋಡಿದರೆ 280. ಹಾಗಾಗಿ ಊಟದ ನಂತರದ್ದನ್ನೂ ಮಾಡಿಸಿ. ರೋಗಿ ಅಂತ ಪ್ರೀತಿಯಿಂದ ಬಂದವರೆಲ್ಲ ಕರದಂಟು, ಹೋಳಿಗೆ ತರುತ್ತಾರೆ. ಬೇಡ ಅನ್ನುವುದು ಕಷ್ಟ, ಗೊತ್ತು.

ಅಲ್ಬುಮಿನ್ ಅನ್ನುವುದು ರಕ್ತದಲ್ಲಿರುವ ಒಂದು ಪ್ರೋಟೀನು. ಸಾಮಾನ್ಯವಾಗಿ 3.5ರಿಂದ 5 ಇರಬೇಕು. ಕಡಿಮೆ ಇದ್ದರೆ ಊಟ ಸಾಲದೆ ಇರಬಹುದು ಅಥವಾ ಒಳಗೆ ಉರಿಯೂತ ನಡೆದಿರಬಹುದು. ಇದೂ ಹಿಮೋಗ್ಲೋಬಿನ್ನೂ ಕಡಿಮೆ ಇದ್ದ ಗುಂಪಿನ ಫಲಿತಾಂಶ ಕೆಟ್ಟದಾಗಿಯೇ ಬಂದಿದೆ. ಆದರೆ ಇದು ಎಷ್ಟೋ ಕಾಯಿಲೆಗೆ ಅನ್ವಯಿಸುವ ಮಾತು, ಮೆದುಳಿನ ಗಡ್ಡೆಯದ್ದೇ ಗುರುತಲ್ಲ.

ಹೆಜ್ಜೆ 5: ನಿಜವಾಗಿ ಹೆದರಬೇಕಾದ ಅಂಕಿಗಳು

ಆಪರೇಷನ್ ಆದ ಕೆಲವು ವಾರಕ್ಕೆ ಚಿಕಿತ್ಸೆ ಶುರುವಾಗುತ್ತದೆ. ಸಾಮಾನ್ಯ ಕ್ರಮ ಆರು ವಾರ ಕರೆಂಟ್, 30 ಸಲ, ಒಟ್ಟು 60 ಗ್ರೇ (ಕರೆಂಟಿನ ಅಳತೆ). ಜೊತೆಗೆ ದಿನಾ ಟೆಮೊಜೊಲೊಮೈಡ್ ಮಾತ್ರೆ. ಆಮೇಲೆ 28 ದಿನಕ್ಕೊಮ್ಮೆ ಐದು ದಿನ ಮಾತ್ರೆ, ಹೀಗೆ ಆರು ಸುತ್ತು. ವಯಸ್ಸಾದವರಿಗೆ ಕರೆಂಟ್ ಕಡಿಮೆ ಸಲ ಕೊಡುವುದೂ ಇದೆ.

ಈ ಮಾತ್ರೆ ರಕ್ತ ಕಣಗಳನ್ನು ಇಳಿಸುತ್ತದೆ. ಕರೆಂಟ್ ನಡೆಯುವಾಗ ವಾರಕ್ಕೊಮ್ಮೆ ಸಿಬಿಸಿ ಬೇಕು. ತಿಂಗಳ ಸುತ್ತುಗಳಲ್ಲಿ ಕಣಗಳು ಹೆಚ್ಚು ಇಳಿಯುವುದು ಸುಮಾರು ಮೂರನೇ, ನಾಲ್ಕನೇ ವಾರ. ಹೊಸ ಸುತ್ತು ಶುರು ಮಾಡಲು ಸಾಮಾನ್ಯವಾಗಿ ನ್ಯೂಟ್ರೋಫಿಲ್ 1,500ಕ್ಕೆ ಕಡಿಮೆ ಇರಬಾರದು, ಪ್ಲೇಟ್‌ಲೆಟ್ 1 ಲಕ್ಷಕ್ಕೆ ಕಡಿಮೆ ಇರಬಾರದು. ಇಲ್ಲಿ ನ್ಯೂಟ್ರೋಫಿಲ್ ಅಂದರೆ ಶೇಕಡಾ ಅಲ್ಲ, ಲೆಕ್ಕ. ಟೋಟಲ್ ಕೌಂಟ್ 2,400, ನ್ಯೂಟ್ರೋಫಿಲ್ ಶೇಕಡಾ 50 ಅಂದುಕೊಳ್ಳಿ. 2,400ರಲ್ಲಿ ಅರ್ಧ, 1,200. ಶೇಕಡಾ 50 ನೋಡಿ "ನಾರ್ಮಲ್ ಐತಿ" ಅಂದುಕೊಂಡು ಮಾತ್ರೆ ನುಂಗಿಸಿದವರನ್ನು ಕಂಡಿದ್ದೇನೆ.

ಪ್ಲೇಟ್‌ಲೆಟ್ ಒಮ್ಮೆಲೇ 40 ಸಾವಿರ ಎಂದು ಬಂತು, ರೋಗಿಗೆ ಎಲ್ಲೂ ರಕ್ತಸ್ರಾವ ಇಲ್ಲ, ಕಲೆ ಇಲ್ಲ. ಆಗ ಲ್ಯಾಬಿನಲ್ಲಿ ಒಂದು ಮಾತು ಕೇಳಿ: "ಸ್ಮಿಯರ್ ನೋಡಿದ್ರೇನ್ರಿ? ಪ್ಲೇಟ್‌ಲೆಟ್ ಗುಂಪಾಗ್ಯಾವೇನ್ರಿ?" ಸ್ಮಿಯರ್ ಅಂದರೆ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಷೀನು ಗುಂಪನ್ನು ಎಣಿಸಲಾರದೆ ಕಡಿಮೆ ತೋರಿಸುತ್ತದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ತೆಗೆದರೆ ಸತ್ಯ ಗೊತ್ತಾಗುತ್ತದೆ. ಕೇಳಿದರೆ ನಮಗೆ ಸಿಟ್ಟು ಬರುವುದಿಲ್ಲ, ಕೇಳಿ. ಆದರೆ ಆ ಉತ್ತರ ಬರುವ ತನಕ ಮಾತ್ರೆಯ ವಿಷಯ ಡಾಕ್ಟರನ್ನೇ ಕೇಳಿ.

ಇನ್ನು ಸಿಡಿ4. ನಮ್ಮ ಭಾಗದಲ್ಲಿ ಸಿಡಿ4 ಅಂದ ಕೂಡಲೇ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರ ನೆನಪಾಗಿ ಮನೆಯವರ ಮುಖ ಬಾಡುತ್ತದೆ. ಇದು ಎಚ್‌ಐವಿ ಅಲ್ಲ. ಸಿಡಿ4 ಒಂದು ಬಗೆಯ ಲಿಂಫೋಸೈಟ್. ಕರೆಂಟ್, ಮಾತ್ರೆ, ಸ್ಟೀರಾಯ್ಡ್ ಮೂರೂ ಸೇರಿ ಅದನ್ನು ಇಳಿಸುತ್ತವೆ. 2011ರ ಅಮೆರಿಕದ ಅಧ್ಯಯನವೊಂದರಲ್ಲಿ ಚಿಕಿತ್ಸೆ ಶುರುವಾದ ಎರಡು ತಿಂಗಳಿಗೆ ಶೇಕಡಾ 40 ಜನರ ಸಿಡಿ4 200ಕ್ಕಿಂತ ಕೆಳಗೆ ಹೋಗಿತ್ತು. ಹಾಗೆ ಇಳಿದವರ ನಡುಮಟ್ಟದ ಬದುಕು 13.1 ತಿಂಗಳು, ಇಳಿಯದವರದ್ದು 19.7. ರಕ್ತದಿಂದ ಆಯುಷ್ಯ ಊಹಿಸುವ ಅಂಕಿಗಳಲ್ಲಿ ನನಗೆ ಹೆಚ್ಚು ಉಪಯೋಗದ್ದು ಅನ್ನಿಸಿದ್ದು ಇದು, ಯಾಕೆಂದರೆ ಇದಕ್ಕೆ ಒಂದು ಕೆಲಸ ಅಂಟಿಕೊಂಡಿದೆ. ಲಿಂಫೋಸೈಟ್ ತುಂಬಾ ಇಳಿದವರಿಗೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ಅದನ್ನು ತಡೆಯಲು ಡಾಕ್ಟರು ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡುತ್ತಾರೆ. "ಇದು ಹಳೇ ಮಾತ್ರಿ, ಯಾಕ ಬೇಕು" ಎಂದು ಬಿಡಬೇಡಿ.

ಜ್ವರ 100.4 ದಾಟಿದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ನಿಲ್ಲದಿದ್ದರೆ, ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡಿ, ಹೊರಡಿ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಜ್ವರ ಇಲ್ಲದೆ ಬರೀ ಚಳಿ, ನಡುಕ, ಮಂಕು ಕಂಡರೂ ಅಷ್ಟೇ.

ಹೆಜ್ಜೆ 6: "ಹೊಸ ರಕ್ತ ಪರೀಕ್ಷೆ" ಎಂದು ಯಾರಾದರೂ ಬಂದರೆ

ನಮ್ಮ ಊರಿನ ಒಂದು ಮನೆಯವರು ಸಾವಿರಾರು ರೂಪಾಯಿ ಕೊಟ್ಟು "ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್" ಮಾಡಿಸಿದ್ದರು. ಸಿಇಎ, ಸಿಎ 19-9, ಪಿಎಸ್‌ಎ ಎಲ್ಲ ಇದ್ದವು. ಎಲ್ಲ ನಾರ್ಮಲ್. ಕ್ಯಾನ್ಸರ್ ಹೋಗಿದೆ ಎಂದು ಸಿಹಿ ಹಂಚಿದರು. ಕರುಳು, ಮೇದೋಜೀರಕ, ಪ್ರೋಸ್ಟೇಟ್ ಗ್ರಂಥಿಯ ಮಾರ್ಕರ್‌ಗಳು ಅವು. ಗ್ಲಿಯೋಬ್ಲಾಸ್ಟೋಮಾ ಬಗ್ಗೆ ಅವು ಏನೂ ಹೇಳುವುದಿಲ್ಲ. ಒಂದು ಅಪವಾದ ಇದೆ: ಮಕ್ಕಳು, ಹದಿಹರೆಯದವರ ಮೆದುಳಿನಲ್ಲಿ ಬರುವ ಜರ್ಮ್ ಸೆಲ್ ಗಡ್ಡೆಗಳಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ಪರೀಕ್ಷೆ ನಿಜವಾಗಿ ಬೇಕು. ಅದನ್ನು ಡಾಕ್ಟರೇ ಬರೆಯುತ್ತಾರೆ.

ಸಂಶೋಧನೆಯಲ್ಲಿ ಇರುವವು ಬೇರೆ. ಜಿಎಫ್‌ಎಪಿ ಅನ್ನುವುದು ಮೆದುಳಿನ ಆಸರೆ ಕಣಗಳ ಪ್ರೋಟೀನು. ಗ್ಲಿಯೋಬ್ಲಾಸ್ಟೋಮಾ ಇದ್ದವರ ರಕ್ತದಲ್ಲಿ ಅದು ಏರುತ್ತದೆ, ದೊಡ್ಡ ಗಡ್ಡೆಗೆ ಹೆಚ್ಚು ಏರುತ್ತದೆ. ಆದರೆ ತಲೆಗೆ ಪೆಟ್ಟಾದರೂ ಏರುತ್ತದೆ, ಮೆದುಳಿನಲ್ಲಿ ರಕ್ತಸ್ರಾವ ಆದರೂ ಏರುತ್ತದೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿದ್ದು ತಲೆಪೆಟ್ಟಿನ ಪರೀಕ್ಷೆಗಾಗಿ.

ಲಿಕ್ವಿಡ್ ಬಯಾಪ್ಸಿ ಹೆಸರು ಕೇಳಿರುತ್ತೀರಿ. ಸತ್ತ ಕ್ಯಾನ್ಸರ್ ಕಣದ ಡಿಎನ್‌ಎ ಚೂರುಗಳನ್ನು ರಕ್ತದಲ್ಲಿ ಹುಡುಕುವುದು. ಶ್ವಾಸಕೋಶ, ಕರುಳಿನ ಕ್ಯಾನ್ಸರಿನಲ್ಲಿ ಇದು ಕೆಲಸಕ್ಕೆ ಬಂದಿದೆ. ಮೆದುಳಿನಲ್ಲಿ ತೊಡಕು. ರಕ್ತ ಮತ್ತು ಮೆದುಳಿನ ನಡುವೆ ಬಿಗಿಯಾದ ತಡೆ ಇದೆ, ಚೂರುಗಳು ಸುಲಭಕ್ಕೆ ಹೊರಗೆ ಬರುವುದಿಲ್ಲ. 2014ರಲ್ಲಿ ಬೇರೆ ಬೇರೆ ಕ್ಯಾನ್ಸರಿನ 640 ರೋಗಿಗಳ ರಕ್ತ ನೋಡಿದ ಅಧ್ಯಯನದಲ್ಲಿ, ಗ್ಲಿಯೋಮಾ ಇದ್ದವರಲ್ಲಿ ಹತ್ತರಲ್ಲಿ ಒಬ್ಬರಿಗೂ ಆ ಚೂರು ಸಿಗಲಿಲ್ಲ. ಈಚೆಗೆ ಒಟ್ಟು ಡಿಎನ್‌ಎ ಪ್ರಮಾಣವನ್ನು ಅಳೆದು, ಅದು ಜಾಸ್ತಿ ಇದ್ದವರ ಬದುಕು ಕಡಿಮೆ ಎಂದು ತೋರಿಸಿದವರಿದ್ದಾರೆ. ಗಡ್ಡೆ ಬಿಡುವ ಸಣ್ಣ ಸಣ್ಣ ಗುಳ್ಳೆಗಳಾದ ಎಕ್ಸೋಸೋಮ್, ಮೈಕ್ರೋ ಆರ್‌ಎನ್‌ಎ ಇವುಗಳ ಮೇಲೂ ಕೆಲಸ ನಡೆದಿದೆ. ಭರವಸೆ ಇದೆ. ಆದರೆ ನಿಮ್ಮ ಅಪ್ಪನ ಚಿಕಿತ್ಸೆಯನ್ನು ಬದಲಿಸುವ ಹಂತಕ್ಕೆ ಇವ್ಯಾವೂ ಬಂದಿಲ್ಲ.

ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಸಾಕು. ಡಾಕ್ಟರನ್ನು ಕೇಳಿ: "ಇದರ ರಿಸಲ್ಟ್ ನೋಡಿ ನೀವು ಕೊಡೋ ಔಷಧ ಬದಲಾಗ್ತದೇನ್ರಿ?" ಇಲ್ಲ ಅಂದರೆ ಆ ದುಡ್ಡು ಬಸ್ ಚಾರ್ಜಿಗೆ, ಹಣ್ಣು ಹಾಲಿಗೆ ಇರಲಿ. ಯಾರಾದರೂ ಸಂಶೋಧನೆಗೆಂದು ರಕ್ತ ಕೇಳಿದರೆ ಅದು ಬೇರೆ ವಿಷಯ. ಅಲ್ಲಿ ನೀವು ದುಡ್ಡು ಕೊಡಬೇಕಿಲ್ಲ, ಒಪ್ಪಿಗೆ ಪತ್ರ ಓದಿ ಸಹಿ ಮಾಡಬೇಕು, ಬೇಡ ಅನ್ನುವ ಹಕ್ಕೂ ಇದೆ.

ಹೆಜ್ಜೆ 7: "ಎಷ್ಟು ದಿನ" ಎಂದು ಕೇಳುವ ಬಗೆ

ಕೇಳಿ. ಮನೆಯ ಹಿರಿಯರು ಬಾಗಿಲ ಹೊರಗೆ ಪಿಸುಗುಟ್ಟುವ ಬದಲು ಒಳಗೆ ಕೂತು ಕೇಳಿ. ರೋಗಿಗೆ ತಿಳಿಯುವ ಇಚ್ಛೆ ಇದೆಯೇ ಎಂದು ಮೊದಲು ಅವರನ್ನೇ ಕೇಳಿ.

ಡಾಕ್ಟರು "ಮೀಡಿಯನ್ 14.6 ತಿಂಗಳು" ಅನ್ನಬಹುದು. ಅದು 2005ರ ಅಧ್ಯಯನದ ಅಂಕಿ, ಕರೆಂಟ್ ಮತ್ತು ಮಾತ್ರೆ ಎರಡೂ ಪಡೆದವರದ್ದು. ಬರೀ ಕರೆಂಟ್ ಪಡೆದವರದ್ದು 12.1. ಮೀಡಿಯನ್ ಅಂದರೆ ಏನು? ಸಕ್ಕರೆ ಕಾರ್ಖಾನೆಯ ಮುಂದೆ ನೂರು ಟ್ರ್ಯಾಕ್ಟರ್ ನಿಂತಿವೆ. ರಾತ್ರಿ ಹತ್ತಕ್ಕೆ ಐವತ್ತನೆಯದು ಖಾಲಿಯಾಯಿತು. ಮೀಡಿಯನ್ ರಾತ್ರಿ ಹತ್ತು. ನಿಮ್ಮ ಟ್ರ್ಯಾಕ್ಟರ್ ಹತ್ತಕ್ಕೇ ಖಾಲಿಯಾಗುತ್ತದೆ ಎಂದೇನಿಲ್ಲ. ಸಂಜೆಯೇ ಆಗಿರಬಹುದು, ನಸುಕಿನ ತನಕ ನಿಲ್ಲಲೂಬಹುದು. ಅದೇ ಅಧ್ಯಯನದಲ್ಲಿ ಎರಡೂ ಚಿಕಿತ್ಸೆ ಪಡೆದವರಲ್ಲಿ ಎರಡು ವರ್ಷಕ್ಕೆ ಶೇಕಡಾ 26.5 ಜನ ಬದುಕಿದ್ದರು, ಐದು ವರ್ಷಕ್ಕೆ ಶೇಕಡಾ 9.8.

ನಿಮ್ಮ ಟ್ರ್ಯಾಕ್ಟರ್ ಸಾಲಿನಲ್ಲಿ ಸುಮಾರು ಎಲ್ಲಿದೆ ಎಂದು ಡಾಕ್ಟರು ಅಂದಾಜು ಮಾಡುವುದು ವಯಸ್ಸು, ಗಡ್ಡೆ ಎಷ್ಟು ತೆಗೆದಿದ್ದಾರೆ, ರೋಗಿ ತಾನೇ ಎದ್ದು ಓಡಾಡುತ್ತಾರೋ ಇಲ್ಲವೋ, ಐಡಿಎಚ್, ಎಂಜಿಎಂಟಿ, ಇವುಗಳಿಂದ. ರಕ್ತದ ಅಂಕಿಗಳು ಇದಕ್ಕೆ ಒಗ್ಗರಣೆ ಇದ್ದಂತೆ. ಇನ್ನೊಂದು ಎಚ್ಚರಿಕೆ: ಕರೆಂಟ್ ಮುಗಿದ ಮೊದಲ ಮೂರು ತಿಂಗಳ ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾದಂತೆ ಕಾಣಬಹುದು, ನಿಜವಾಗಿ ಆಗಿರದೆಯೂ ಇರಬಹುದು. ಆ ಒಂದು ಸ್ಕ್ಯಾನ್ ನೋಡಿ ಮನೆಗೆ ಕರೆದುಕೊಂಡು ಹೋಗುವ ತೀರ್ಮಾನ ಮಾಡಬೇಡಿ.

ಹೆಜ್ಜೆ 8: ಓಡಾಟ

ಜಮಖಂಡಿಯಿಂದಲೋ ಇಂಡಿಯಿಂದಲೋ ಬೆಳಗಾವಿಗೆ, ಹುಬ್ಬಳ್ಳಿಗೆ ಹೋಗುವವರಾದರೆ ಡಾಕ್ಟರ ಒಪ್ಪಿಗೆ ಪಡೆದು ಸಿಬಿಸಿಯನ್ನು ಹಿಂದಿನ ದಿನವೇ ಊರಲ್ಲಿ ಮಾಡಿಸಿ, ಫೋಟೋ ಕಳಿಸಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಆದಷ್ಟು ಒಂದೇ ಹೊತ್ತಿಗೆ. ಶುಗರ್ ರಕ್ತ ಬೂದು ಮುಚ್ಚಳದ ಟ್ಯೂಬಿಗೆ ಹೋಗುತ್ತದೆಯೇ ನೋಡಿ, ಬೇರೆ ಟ್ಯೂಬಿನಲ್ಲಿ ತಾಸುಗಟ್ಟಲೆ ಇಟ್ಟರೆ ಅಂಕಿ ಇಳಿದು ಬರುತ್ತದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ತನಕ. ಯಾವ ಪರೀಕ್ಷೆ, ಯಾವ ಮಾತ್ರೆ ಅದರೊಳಗೆ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ.

ಚೀಲದಲ್ಲಿ ಇರಬೇಕಾದ್ದು: ಬಯಾಪ್ಸಿ ರಿಪೋರ್ಟ್, ಎಲ್ಲ ಸ್ಕ್ಯಾನಿನ ಸಿಡಿ, ನಡೆದಿರುವ ಮಾತ್ರೆಗಳ ಚೀಟಿ, ಆ ನೋಟ್‌ಬುಕ್. ಮುಧೋಳದ ಹುಡುಗ ಈಗ ನೋಟ್‌ಬುಕ್ಕಿಗೆ ತಾನೇ ಒಂದು ಕಾಲಂ ಸೇರಿಸಿದ್ದಾನೆ. ಅಪ್ಪ ಅವತ್ತು ಹೊಲದ ತನಕ ನಡೆದರೋ ಇಲ್ಲವೋ ಎಂದು. ಹೋದ ಸಲ ಡಾಕ್ಟರು ಮೊದಲು ನೋಡಿದ್ದು ಅದನ್ನೇ ಅಂತೆ.